ಮಣ್ಣಿಗೆ ಸಿಗದವಳು

2018ರ ಜೂನ್. ಲಡಾಖ್‌ನ ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ ಎರಡು ರಾತ್ರಿ ಕಳೆದು, ಚಾಂಗ್ ಲಾ ಅನ್ನೋ ಘಾಟಿ ದಾಟಿ ಕಾರು ಅನ್ನೋ ಊರಿಗೆ ಇಳಿದಿದ್ವಿ (ಊರಿನ ಹೆಸರೇ ಹಾಗೆ). ಅಲ್ಲಿ ಗೆಳತಿಯ ಫೋನಿಗೆ ನೆಟ್‌ವರ್ಕ್ ಬಂತು. ಅವಳು ಫೋನ್ ಹಿಡಿದು ಅಂಗಡಿ ಹಿಂದಕ್ಕೆ ಹೋದಳು. ವಾಪಸ್ ಬಂದು, "ಮೊದಲು ಏನಾದ್ರೂ ತಿನ್ನೋಣ" ಅಂದಳು. ಮುಖ ನೋಡಿದ ತಕ್ಷಣ ಗೊತ್ತಾಯ್ತು.

ನನ್ನದು ಪ್ರೀಪೇಯ್ಡ್ ಸಿಮ್. ಹೊರಗಿನ ಪ್ರೀಪೇಯ್ಡ್ ಲಡಾಖ್‌ನಲ್ಲಿ ನಡೆಯಲ್ಲ ಅಂತ ಗೊತ್ತಿದ್ದೂ, ನಾಲ್ಕು ದಿನ ತಾನೇ ಅಂತ ಸುಮ್ಮನಿದ್ದೆ. ಈಗ ಎಲ್ಲಿಗೇ ಹೊರಟರೂ ಡ್ರೈವರ್ ನಂಬರು, ಉಳಿಯೋ ಮನೆಯ ನಂಬರು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ ಹೋಗ್ತೀನಿ.

ಅಣ್ಣನಿಗೆ ಕೇಳಿದ ಮೊದಲ ಮಾತು, "ಅಪ್ಪನ ಮಣ್ಣು ಯಾವಾಗ?"

"ನೆನ್ನೆ ಸಂಜೆನೇ ಆಯ್ತು ಕಣೆ. ಕಾದ್ವಿ. ನಿನ್ ಫೋನು ಹತ್ತಲೇ ಇಲ್ಲ."

ಅಳು ಬರಲಿಲ್ಲ. ಲೇಹ್‌ನಿಂದ ವಿಮಾನ ಇದ್ದದ್ದು ಮಾರನೇ ಬೆಳಿಗ್ಗೆ. ಮಧ್ಯಾಹ್ನದ ಮೇಲೆ ಆ ಕಣಿವೆಯಲ್ಲಿ ಗಾಳಿ ಏಳುತ್ತೆ, ಅದಕ್ಕೇ. ಟಿಕೆಟ್ ಮಾಡಿಸಿದೆ, ಬ್ಯಾಗ್ ತುಂಬಿದೆ, ಉಳಿದವರಿಗೆ ನೀವು ಪ್ರವಾಸ ಮುಗಿಸಿಯೇ ಬನ್ನಿ ಅಂದೆ. ಸಾವಿನ ಸುದ್ದಿ ಕೇಳಿದ ಮೇಲೆ ತಲೆಗೆ ನೀರು ಹಾಕ್ಕೊಬೇಕು ಅಂತ ಅಮ್ಮ ಹೇಳಿದ್ದಕ್ಕೆ ಅದನ್ನೂ ಮಾಡಿದೆ. ಚಿಕ್ಕಪ್ಪನ ಮಗ ಮಣ್ಣಿನ ವಿಡಿಯೋ ಕಳಿಸ್ಲಾ ಅಂತ ಕೇಳಿದ. ಬೇಡ ಅಂದೆ. ಇವತ್ತಿಗೂ ನೋಡಿಲ್ಲ, ನೋಡೋದೂ ಇಲ್ಲ.

ಸಂಜೆ ಕೋಣೆಯಲ್ಲಿ ಕೂರೋಕಾಗದೆ ಹೊರಗೆ ಬಂದೆ. ನಾವು ಉಳಿದಿದ್ದ ಮನೆಯ ಹಿಂದೆ ಗೇಣುದ್ದ ಎದ್ದ ಬಾರ್ಲಿ ಹೊಲ. ಹೊರಡೋ ಮುಂಚೆ ಅಪ್ಪ ಕೇಳಿದ್ದು ಒಂದೇ: "ಮಳೇನೇ ಬೀಳದ ಊರಲ್ಲಿ ಏನ್ ಬೆಳೀತಾರಂತೆ? ನೋಡ್ಕೊಂಡ್ ಬಾರವ್ವ." ಚನ್ನರಾಯಪಟ್ಟಣದ ಕಡೆ ತೆಂಗು ಬೆಳೆದು, ಬೋರ್‌ವೆಲ್ ಒಣಗೋದನ್ನ ನೋಡಿದ ಮನುಷ್ಯ; ಲಡಾಖ್ ಅಂದ್ರೆ ಅವರಿಗೆ ಹಿಮ ಅಲ್ಲ, ನೀರಿನ ಲೆಕ್ಕ.

ಮನೆಯ ಅಜ್ಜ ಸಣ್ಣ ಸನಿಕೆ ಹಿಡಿದು ಕಾಲುವೆಯ ಬದಿ ಕೂತಿದ್ದರು. ಮೇಲೆ ಹಿಮ ಕರಗಿದ ನೀರು, ಹೊಲಕ್ಕಿಷ್ಟು ಹೊತ್ತು ಅಂತ ಸರದಿ. ಸರದಿ ನೋಡ್ಕೊಳ್ಳೋಕೆ ಊರಿಗೊಬ್ಬ ಚುರ್ಪೋನ್. ಅಜ್ಜನ ಪಾಳಿ ಬಂದಾಗ ಬೆಳಕು ಹೋಗ್ತಾ ಇತ್ತು. ಎರಡು ಕಲ್ಲು ಎತ್ತಿ, ಹುಲ್ಲುಹೆಂಟೆ ಕಿತ್ತು ಪಕ್ಕಕ್ಕೆ ಹಾಕಿದರು. ನೀರು ಮೊದಲು ಧೂಳನ್ನ ನೂಕ್ಕೊಂಡು ಬಂತು, ನಿಂತಿತು, ಆಮೇಲೆ ಪಾತಿಗೆ ನುಗ್ಗಿತು. ಅಜ್ಜ ಪ್ಯಾಂಟ್ ಮಡಚಿ ಅದರ ಹಿಂದೆಯೇ ಹೋದರು.

ತ್ರೀ ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಅಪ್ಪ ಬ್ಯಾಟರಿ ಹಿಡಿದು ಹೀಗೇ ಹೋಗೋರು. ನಾನು ಮಂಚದ ಮೇಲಿಂದ ಚಪ್ಪಲಿ ಸದ್ದು ಕೇಳಿಸ್ಕೊಂಡು ಮತ್ತೆ ಮಲಗ್ತಿದ್ದೆ. ಎದ್ದು ಜೊತೆಗೆ ಹೋದದ್ದು ಒಂದು ಸಲವೂ ಇಲ್ಲ.

ಆಗ ಬಂತು ಅಳು. ಆ ಎತ್ತರದಲ್ಲಿ ಬಿಕ್ಕಿದರೆ ಉಸಿರು ಸಾಲಲ್ಲ, ಬಾಯಿ ಬಿಟ್ಕೊಂಡು ಕೂತೆ. ಅಜ್ಜ ಬಂದು ಏನೂ ಕೇಳದೆ ಪಕ್ಕದಲ್ಲಿ ಕೂತರು. ಅವರ ಸೊಸೆ ಉಪ್ಪು, ಬೆಣ್ಣೆ ಹಾಕಿದ ಚಹಾ ತಂದುಕೊಟ್ಟಳು. ವಿಷಯ ಗೊತ್ತಾದ ಮೇಲೆ ದೇವರ ಕೋಣೆಯಲ್ಲಿ ಒಂದು ಬೆಣ್ಣೆ ದೀಪ ಹಚ್ಚಿದಳು. ತಮ್ಮಲ್ಲಿ ಸತ್ತವರಿಗೆ 49 ದಿನ ಪ್ರಾರ್ಥನೆ ಅಂದಳು. ನಮ್ಮಲ್ಲಿ ಹನ್ನೊಂದಕ್ಕೆ ತಿಥಿ ಅಂದೆ. ಅಷ್ಟು ಬೇಗನಾ ಅನ್ನೋ ಹಾಗೆ ನೋಡಿದಳು.

ದೆಹಲಿಯಲ್ಲಿ ನಾಲ್ಕು ಗಂಟೆ ಕಾದದ್ದು ನೆನಪೇ ಇಲ್ಲ.

ಮೂರನೇ ದಿನದ ಹಾಲು-ತುಪ್ಪವನ್ನ ಅಣ್ಣ ನನಗೋಸ್ಕರ ಐದನೇ ದಿನಕ್ಕೆ ಹಾಕಿಸಿದ್ದ. ತೋಟದ ಮೂಲೆಯ ಗುಡ್ಡೆ ಆಗಲೇ ಒಣಗಿ ಬಿರುಕು ಬಿಟ್ಟಿತ್ತು. ಎಲ್ಲರೂ ಹಾಲು ಬಿಟ್ಟ ಮೇಲೆ ನಾನು ಬಗ್ಗಿ ಬದಿಯಿಂದ ಒಂದು ಹಿಡಿ ಮಣ್ಣು ತಗೊಂಡೆ.

"ಈಗ ಹಾಕಬಾರ್ದು ಕಣೆ" ಅಂದರು ಸೋದರತ್ತೆ.

"ಹಾಕ್ಲಿ ಬಿಡತ್ತೆ" ಅಂದ ಅಣ್ಣ.

ಹಾಕಿದೆ. ಬಾರ್ಲಿ ಬೆಳೀತಾರಪ್ಪ, ಬಟಾಣಿನೂ, ಅಂದೆ.