ಬಣ್ಣದ ಬಗ್ಗೆ ರೀಲ್ಸ್ ಮಾಡಿ, ಲೆಕ್ಕ ಇಟ್ಟು ನೋಡಿದ್ದು

ಕೆಂಪು ನೋಡಿದರೆ ಹಸಿವು, ನೀಲಿ ನೋಡಿದರೆ ನಂಬಿಕೆ, ಹಳದಿ ನೋಡಿದರೆ ಖುಷಿ. ಬಣ್ಣದ ಮನಶ್ಶಾಸ್ತ್ರ ಅಂತ ಮೊಬೈಲಿನಲ್ಲಿ ಓಡಾಡುವ ಚಿಕ್ಕ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಇಷ್ಟೇ ಇರುತ್ತದೆ. ನಾನೂ ಕನ್ನಡದಲ್ಲಿ ಬಣ್ಣದ ಬಗ್ಗೆ ವಿಡಿಯೋ ಮಾಡುತ್ತೇನೆ. ದಾವಣಗೆರೆಯಲ್ಲಿ ಅಂಗಡಿ ಬೋರ್ಡು, ಮಸಾಲೆ ಪೊಟ್ಟಣ, ಮದುವೆ ಕಾರ್ಡು ಡಿಸೈನ್ ಮಾಡುವುದು ನನ್ನ ಕಸುಬು. ವಿಡಿಯೋ ಸಂಜೆ ಹೊತ್ತಿನ ಕೆಲಸ. ಯಾವುದನ್ನು ಜನ ಕೊನೆವರೆಗೆ ನೋಡುತ್ತಾರೆ, ಯಾವುದನ್ನು ಇನ್ನೊಬ್ಬರಿಗೆ ಕಳಿಸುತ್ತಾರೆ ಅಂತ ಪರೀಕ್ಷೆ ಮಾಡುತ್ತಾ ಬಂದಿದ್ದೇನೆ.

ಶುರುವಿನಲ್ಲಿ ಮಾಡಿದ ಪರೀಕ್ಷೆ ಕೇಳಿದರೆ ನಗು ಬರಬಹುದು. ಒಂದೇ ವಿಡಿಯೋವನ್ನು, ಒಂದಕ್ಷರ ಬದಲಿಸದೆ, ಒಂದು ವಾರ ಬಿಟ್ಟು ಅದೇ ಹೊತ್ತಿಗೆ ಮತ್ತೆ ಹಾಕಿದೆ. ಇದಕ್ಕೆ ಬಳಸಿದ್ದು ಇನ್‌ಸ್ಟಾಗ್ರಾಂನ ಟ್ರಯಲ್ ರೀಲ್ಸ್. 2024ರ ಡಿಸೆಂಬರ್‌ನಲ್ಲಿ ಬಂದ ಸೌಲಭ್ಯ ಅದು. ಅಲ್ಲಿ ಹಾಕಿದ್ದು ಮೊದಲು ನಮ್ಮನ್ನು ಫಾಲೋ ಮಾಡದವರಿಗೆ ಮಾತ್ರ ಹೋಗುತ್ತದೆ. ನೆಂಟರು, ಗೆಳೆಯರು ನೋಡದೆಯೇ ಸುಮ್ನೆ ಹಾರ್ಟ್ ಒತ್ತುವುದು ಲೆಕ್ಕದಲ್ಲಿ ಸೇರುವುದಿಲ್ಲ, ಅದೇ ಅದರ ಲಾಭ.

ಒಂದೇ ವಿಡಿಯೋ ಅಲ್ವಾ, ಎರಡಕ್ಕೂ ಹೆಚ್ಚುಕಮ್ಮಿ ಒಂದೇ ವ್ಯೂಸ್ ಬರಬೇಕಿತ್ತು. ಬರಲಿಲ್ಲ. ಒಂದು ಇನ್ನೊಂದರ ದುಪ್ಪಟ್ಟು ಓಡಿತು. ಬೇರೆ ವಿಡಿಯೋಗಳಲ್ಲೂ ಹೀಗೇ ಮಾಡಿ ನೋಡಿದೆ. ಪ್ರತಿ ಸಲವೂ ಕಾರಣವೇ ಇಲ್ಲದೆ ದೊಡ್ಡ ಅಂತರ. ಮೊದಲು ಯಾರ ಫೋನಿಗೆ ಹೋಯಿತು, ಆ ಹೊತ್ತಿಗೆ ಅವರು ಬಸ್ಸಿನಲ್ಲಿದ್ದರೋ ಊಟಕ್ಕೆ ಕೂತಿದ್ದರೋ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಹಾಗಾಗಿ ವ್ಯೂಸ್‌ನಲ್ಲಿ ದುಪ್ಪಟ್ಟಿಗಿಂತ ಕಡಿಮೆ ವ್ಯತ್ಯಾಸ ಬಂದರೆ ನಾನದನ್ನು ವ್ಯತ್ಯಾಸ ಅಂತ ಒಪ್ಪುವುದೇ ಇಲ್ಲ. 'ಹಿಂದೆ ಹಳದಿ ಬಣ್ಣ ಹಾಕಿದೆ, ವ್ಯೂಸ್ ಜಾಸ್ತಿಯಾಯ್ತು' ಅನ್ನುವವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ಹಳದಿಯನ್ನೇ ಎರಡು ಸಲ ಹಾಕಿ ನೋಡಿದಿರಾ?

ವ್ಯೂಸ್ ನಂಬಲು ಇನ್ನೊಂದು ಅಡ್ಡಿ ಇದೆ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಶುರುವಾದರೆ ಸಾಕು, ಒಂದು ವ್ಯೂ. ಎಷ್ಟು ಸೆಕೆಂಡ್ ನೋಡಿದರು ಅನ್ನುವ ಷರತ್ತಿಲ್ಲ. ಹಳೆಯ ಲೆಕ್ಕ ಈಗ ಎಂಗೇಜ್ಡ್ ವ್ಯೂಸ್ ಅನ್ನುವ ಹೆಸರಿನಲ್ಲಿ ಒಳಗಡೆ ಕೂತಿದೆ. ಎಷ್ಟು ಜನ ನೋಡಿದರು, ಎಷ್ಟು ಜನ ಸರಿಸಿಕೊಂಡು ಹೋದರು ಅಂತ ಯೂಟ್ಯೂಬ್ ಸ್ಟುಡಿಯೋ ಅನ್ನುವ, ವಿಡಿಯೋ ಹಾಕಿದವರ ಲೆಕ್ಕದ ಪುಟದಲ್ಲಿ ಬೇರೆ ಬೇರೆ ತೋರಿಸುತ್ತಾರೆ. ನಾನು ಅದನ್ನೂ, ಯಾವ ಸೆಕೆಂಡಿನವರೆಗೆ ಎಷ್ಟು ಜನ ಉಳಿದರು ಅಂತ ತೋರಿಸುವ ರಿಟೆನ್ಷನ್ ಗೆರೆಯನ್ನೂ ನೋಡುತ್ತೇನೆ. ಇನ್‌ಸ್ಟಾಗ್ರಾಂನಲ್ಲಾದರೆ ಸೆಂಡ್ಸ್, ಅಂದರೆ ಎಷ್ಟು ಸಲ ಇನ್ನೊಬ್ಬರಿಗೆ ಕಳಿಸಿದರು ಅನ್ನುವ ಲೆಕ್ಕ. ವಿಡಿಯೋ ಹೊಸಬರನ್ನು ಮುಟ್ಟಬೇಕಾದರೆ ಬೇರೆಯವರಿಗೆ ಕಳಿಸುವುದು ಮುಖ್ಯ ಅಂತ ಇನ್‌ಸ್ಟಾಗ್ರಾಂನ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಜನವರಿಯಲ್ಲಿ ಹೇಳಿದ್ದರು. ನನ್ನ ಲೆಕ್ಕವೂ ಅದಕ್ಕೆ ಹೊಂದುತ್ತದೆ.

ಇನ್ನು ವಿಷಯಕ್ಕೆ ಬರೋಣ. 'ಕೆಂಪು ಅಂದರೆ ಇದು, ನೀಲಿ ಅಂದರೆ ಅದು' ಅನ್ನುವ ಪಟ್ಟಿ ವಿಡಿಯೋಗೆ ಲೈಕು ಬರುತ್ತದೆ, ಕಳಿಸುವವರು ಬಹಳ ಕಡಿಮೆ. ಜನಕ್ಕೆ ಅದರಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಒಬ್ಬರು ಕಾಮೆಂಟಿನಲ್ಲಿ ಕೇಳಿದರು: 'ಕೆಂಪಿಗೇ ಹಸಿವಾಗೋದಾದ್ರೆ ನಮ್ಮೂರ ಖಾನಾವಳಿ ಗೋಡೆ ಹಸಿರು, ಅಲ್ಯಾಕೆ ಇಷ್ಟು ರಶ್ಶು?' ಆ ಕಾಮೆಂಟಿಗೆ ಬಂದ ಉತ್ತರಗಳು ವಿಡಿಯೋಗಿಂತ ಚೆನ್ನಾಗಿದ್ದವು.

ಚೆನ್ನಾಗಿ ಓಡಿದ್ದು ಸ್ಟ್ರೂಪ್ ಪರೀಕ್ಷೆ. ಜಾನ್ ರಿಡ್ಲಿ ಸ್ಟ್ರೂಪ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1935ರಲ್ಲಿ ಪ್ರಕಟಿಸಿದ್ದು. 'ಕೆಂಪು' ಅನ್ನುವ ಪದವನ್ನು ನೀಲಿ ಬಣ್ಣದಲ್ಲಿ ಬರೆದು, ಓದಬೇಡಿ, ಅಕ್ಷರದ ಬಣ್ಣ ಹೇಳಿ ಅನ್ನಬೇಕು. ನಾಲಿಗೆ ತಡವರಿಸುತ್ತದೆ. ಓದುವುದು ನಮಗೆ ಎಷ್ಟು ರೂಢಿಯಾಗಿದೆ ಅಂದರೆ, ಬೇಡ ಅಂದರೂ ಕಣ್ಣು ಮೊದಲು ಓದಿಬಿಡುತ್ತದೆ. ಕನ್ನಡ ಅಕ್ಷರದಲ್ಲಿ ಇದನ್ನು ಮಾಡಿ, ಕೊನೆಯ ಫ್ರೇಮನ್ನು ಮೊದಲನೆಯದಕ್ಕೆ ಸೇರಿಸಿ ಸುತ್ತುವಂತೆ ಬಿಟ್ಟೆ. ಜನ ಪದೇ ಪದೇ ನೋಡಿದರು. ಮುಂಬೈಯಿಂದ, ದುಬೈಯಿಂದ ಕೆಲವು ತಂದೆತಾಯಿ, ತಮ್ಮ ಮಕ್ಕಳು ಒಂದೂ ತಪ್ಪು ಮಾಡಲಿಲ್ಲ ಅಂತ ಹೆಮ್ಮೆಯಿಂದ ಬರೆದರು. ಮಕ್ಕಳಿಗೆ ಕನ್ನಡ ಸರಾಗವಾಗಿ ಓದಲು ಬರುವುದಿಲ್ಲ, ಅದಕ್ಕೇ ಬಣ್ಣ ಹೇಳುವುದು ಸುಲಭ. ಇದನ್ನು ಹೇಳಬೇಕೋ ಬೇಡವೋ ಅಂತ ನಾನು ಯೋಚಿಸುತ್ತಿರುವಾಗಲೇ ಇನ್ಯಾರೋ ಹೇಳಿಬಿಟ್ಟರು. ಆಮೇಲೆ ಎರಡು ದಿನ ಕಾಮೆಂಟುಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದರ ಬಗ್ಗೆಯೇ ಚರ್ಚೆ.

ಇದನ್ನೂ ಮೀರಿಸಿದ್ದು ಸೀರೆ. 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೋ ನೀಲಿ-ಕಪ್ಪೋ, ಬಿಳಿ-ಚಿನ್ನದ ಬಣ್ಣವೋ ಅಂತ ಜಗತ್ತೆಲ್ಲ ಜಗಳವಾಡಿತ್ತು. ಆ ಫೋಟೋ ಎಲ್ಲರೂ ನೋಡಿದ್ದೇ, ಮತ್ತೆ ತೋರಿಸಿ ಪ್ರಯೋಜನವಿಲ್ಲ ಅನ್ನಿಸಿತು. ನಮ್ಮಲ್ಲಿ ನವಿಲು ಬಣ್ಣದ ರೇಷ್ಮೆ ಸೀರೆ ಇದೆಯಲ್ಲ? ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನ ಎಳೆ ಇನ್ನೊಂದು. ನೋಡುವ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ. ಸೆರಗನ್ನು ಕಿಟಕಿ ಬೆಳಕಿನಲ್ಲಿ ನಿಧಾನಕ್ಕೆ ತಿರುಗಿಸಿ ಕೇಳಿದೆ: 'ಹಸಿರೋ ನೀಲಿಯೋ?' ಬೇರೆ ಮಾತೇ ಇಲ್ಲ. ಹೆಣ್ಣುಮಕ್ಕಳು ಅದನ್ನು ಅಮ್ಮನಿಗೆ, ಅತ್ತೆಗೆ ಕಳಿಸಿದರು. ನನ್ನ ವಿಡಿಯೋಗಳಲ್ಲಿ ಸೆಂಡ್ಸ್ ಅತಿ ಹೆಚ್ಚು ಬಂದಿದ್ದು ಇದಕ್ಕೇ. ಅದೂ ನನ್ನ ದುಪ್ಪಟ್ಟಿನ ಗೆರೆಯನ್ನು ಎಷ್ಟೋ ದಾಟಿ.

ಪೂರ್ತಿ ನಿಜವನ್ನು ಹೇಳಿದರೆ ಜನ ವಿಡಿಯೋ ಬಿಟ್ಟು ಹೋಗುತ್ತಾರಾ ಅನ್ನುವುದನ್ನೂ ನೋಡಬೇಕಿತ್ತು. ಅದಕ್ಕೆ ಗುಲಾಬಿ ಜೈಲಿನ ಕಥೆ ತೆಗೆದುಕೊಂಡೆ. 1979ರಲ್ಲಿ ಅಲೆಕ್ಸಾಂಡರ್ ಶಾಸ್ ಅನ್ನುವವರ ಮಾತಿನ ಮೇಲೆ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾಪಡೆಯ ಜೈಲುಕೋಣೆಗೆ ಗುಲಾಬಿ ಬಣ್ಣ ಬಳಿದರು, ಕೈದಿಗಳು ತಣ್ಣಗಾದರು ಅಂತ ಸುದ್ದಿಯಾಯಿತು. ಅಲ್ಲಿನ ಇಬ್ಬರು ಅಧಿಕಾರಿಗಳ ಹೆಸರು ಸೇರಿ ಅದಕ್ಕೆ ಬೇಕರ್-ಮಿಲ್ಲರ್ ಪಿಂಕ್ ಅನ್ನುವ ಹೆಸರೂ ಬಂತು. ಬಹಳ ವಿಡಿಯೋಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಸ್ವಿಟ್ಜರ್ಲೆಂಡಿನ ಜೈಲಿನಲ್ಲಿ ಗುಲಾಬಿ ಕೋಣೆ ಮತ್ತು ಬಿಳಿ ಕೋಣೆ ಹೋಲಿಸಿ ನೋಡಿದ ಅಧ್ಯಯನ 2015ರಲ್ಲಿ ಬಂತು. ಕೈದಿಗಳ ಸಿಟ್ಟಿನಲ್ಲಿ ಅಂಥ ಪರಿಣಾಮವೇನೂ ಕಾಣಲಿಲ್ಲ. ಒಂದು ವಿಡಿಯೋ ಸಿಯಾಟಲ್‌ಗೇ ಮುಗಿಸಿದೆ, ಇನ್ನೊಂದರಲ್ಲಿ ಸ್ವಿಟ್ಜರ್ಲೆಂಡನ್ನೂ ಸೇರಿಸಿದೆ. ಕೊನೆವರೆಗೆ ನೋಡಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನನಗೆ ಅಷ್ಟು ಸಾಕು. ಅರ್ಧ ಕಥೆ ಹೇಳಿದ ವಿಡಿಯೋ ಅಳಿಸಿ, ಪೂರ್ತಿ ಇರುವುದನ್ನು ಉಳಿಸಿಕೊಂಡೆ.

ವಿಡಿಯೋದಲ್ಲಿ ನಾನು ಬಳಸುವ ಬಣ್ಣದ ವಿಚಾರ ಬೇರೆ. ಹಿನ್ನೆಲೆಯನ್ನು ಕೆಂಪು, ನೀಲಿ, ಹಳದಿ ಅಂತ ಬದಲಿಸಿದ್ದರಿಂದ ನಂಬುವಂಥ ವ್ಯತ್ಯಾಸ ನನಗಂತೂ ಸಿಗಲಿಲ್ಲ. ಅಕ್ಷರ ಸರಿಯಾಗಿ ಕಾಣುತ್ತದೋ ಇಲ್ಲವೋ ಅನ್ನುವುದರಿಂದ ಮಾತ್ರ ರಿಟೆನ್ಷನ್ ಗೆರೆ ಎದ್ದುಬಿದ್ದು ಮಾಡಿತು. ಇದಕ್ಕೆ ತಾಂತ್ರಿಕ ಕಾರಣವಿದೆ. ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ಸಾಮಾನ್ಯವಾಗಿ 4:2:0 ಅನ್ನುವ ಪದ್ಧತಿ ಇರುತ್ತದೆ. ಬೆಳಕು-ನೆರಳಿನ ವಿವರವನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಉದ್ದಕ್ಕೂ ಅಗಲಕ್ಕೂ ಅರ್ಧರ್ಧ ಮಾಡುತ್ತಾರೆ. ಹಾಗಾಗಿ ಕಪ್ಪಿನ ಮೇಲೆ ಕಡುಗೆಂಪು ಅಕ್ಷರ ಬರೆದರೆ ಅಂಚೆಲ್ಲ ಕದಡಿದಂತಾಗುತ್ತದೆ. ಇಂಗ್ಲಿಷಿನ ದಪ್ಪ ಅಕ್ಷರ ಹೇಗೋ ಬಚಾವಾಗುತ್ತದೆ. ನಮ್ಮ ಒತ್ತಕ್ಷರ ಕರಗಿಯೇ ಹೋಗುತ್ತದೆ.

ಅದಕ್ಕೇ ಈಗ ಅಕ್ಷರ ಬಿಳಿ, ಅಂಚು ಕಪ್ಪು, ಬಣ್ಣವೇನಿದ್ದರೂ ಹಿಂದಿನ ದೊಡ್ಡ ಪಟ್ಟಿಗೆ. ಸ್ಟ್ರೂಪ್ ವಿಡಿಯೋದಲ್ಲಿ ಅಕ್ಷರಕ್ಕೇ ಬಣ್ಣ ಬೇಕಲ್ಲ, ಅಲ್ಲಿ ಒಂದು ಪರದೆಗೆ ಒಂದೇ ಪದ, ದಪ್ಪ ಅಕ್ಷರ, ಹಿಂದೆ ಗಾಢ ಬೂದು. ಬಿಳಿ ಹಿಂದೆ ಹಾಕಿದರೆ 'ಹಳದಿ' ಬಣ್ಣದ ಪದ ಕಾಣುವುದೇ ಇಲ್ಲ. ಒತ್ತು ಕೆಳಗಿನ ಸಾಲಿಗೆ ತಗುಲದಂತೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಬೇಕು. ಪರದೆಯ ಕೆಳಭಾಗದಲ್ಲಿ ಖಾತೆಯ ಹೆಸರು, ಬಲಗಡೆ ಬಟನ್ನುಗಳು ಇರುತ್ತವೆ. ಅಲ್ಲಿ ಏನೂ ಬರೆಯಬಾರದು.

ಬಣ್ಣ ಯಾವುದು ಅಂತ ಕೇಳುವ ವಿಡಿಯೋ ಆದರೆ ಇನ್ನೊಂದು ಕೆಲಸ ಇದೆ. ರಾತ್ರಿ ಹೊತ್ತು ಬಹಳ ಜನರ ಫೋನಿನಲ್ಲಿ ಕಣ್ಣಿಗೆ ಹಿತವಾಗಲಿ ಅಂತ ನೀಲಿ ಬೆಳಕು ಕಡಿಮೆ ಮಾಡುವ ಫಿಲ್ಟರ್ ಓಡುತ್ತಿರುತ್ತದೆ. ಆಗ ಎಲ್ಲ ಬಣ್ಣವೂ ಹಳದಿಯ ಕಡೆಗೆ ವಾಲುತ್ತದೆ, ನವಿಲು ಸೀರೆ ಎಲ್ಲರಿಗೂ ಹಸಿರೇ. ಜಗಳಕ್ಕೆ ಜಾಗವೇ ಉಳಿಯುವುದಿಲ್ಲ. ಅಂಥ ವಿಡಿಯೋಗಳನ್ನು ನಾನು ಭಾನುವಾರ ಬೆಳಿಗ್ಗೆ, ತಿಂಡಿ ಹೊತ್ತಿಗೆ ಹಾಕುತ್ತೇನೆ.