ತೆರೆಯ ಮೇಲಿನ ಗುರುತುಗಳನ್ನು ಓದುವ ಕ್ರಮ

ಕಾಸರಗೋಡಿನ ಕಡೆಯವರಿಗೆ ಗುರುತು ನೋಡಿ ಅರ್ಥ ಹಿಡಿಯುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ತೆಂಕುತಿಟ್ಟಿನ ಯಕ್ಷಗಾನದ ಆಟದಲ್ಲಿ ಬಣ್ಣದ ವೇಷವು ತೆರೆಯ ಮರೆಯಲ್ಲಿ ಆರ್ಭಟಿಸುತ್ತಿರುವಾಗಲೇ, ಮುಖದ ಮೇಲಿನ ಚುಟ್ಟಿಯ ಬಿಳಿ ಮುಳ್ಳುಗಳು ಅರೆಬರೆಯಾಗಿ ಕಣ್ಣಿಗೆ ಬೀಳುವಾಗಲೇ, ಬಂದಿರುವವನು ರಾಕ್ಷಸನೆಂಬುದು ಮುಂದೆ ಚಾಪೆ ಹಾಸಿ ಕುಳಿತ ಮಗುವಿಗೂ ತಿಳಿಯುತ್ತದೆ. ಆದರೆ ಈ ಅಭ್ಯಾಸವು ಸಿನಿಮಾ ನೋಡುವಾಗ ಎಷ್ಟು ನೆರವಾಗುತ್ತದೆಯೋ ಅಷ್ಟೇ ತೊಡಕನ್ನೂ ಉಂಟುಮಾಡುತ್ತದೆ. ಆಟದ ಗುರುತು ಕಲಾವಿದ ಮತ್ತು ಪ್ರೇಕ್ಷಕರ ನಡುವೆ ತಲೆಮಾರುಗಳಿಂದ ಒಪ್ಪಿತವಾಗಿ ಬಂದದ್ದು. ಪ್ರಸಂಗ ಬದಲಾದರೂ ಅದು ಬದಲಾಗುವುದಿಲ್ಲ. ಸಿನಿಮಾದಲ್ಲಿ ಕಾಣುವ ಕೊಡೆಗಾಗಲಿ ಕನ್ನಡಿಗಾಗಲಿ ಅಂಥ ಒಪ್ಪಂದದ ಬೆಂಬಲವಿಲ್ಲ. ಆ ಚಿತ್ರವೇ ತನ್ನ ಎರಡು ಗಂಟೆಗಳ ಅವಧಿಯೊಳಗೆ ಆ ವಸ್ತುವಿಗೊಂದು ಅರ್ಥವನ್ನು ಕಟ್ಟಬೇಕು. ಕನ್ನಡಿ ಎಂದರೆ ಒಡೆದ ಮನಸ್ಸು, ಮಳೆ ಎಂದರೆ ದುಃಖ ಎಂದು ನಿಘಂಟಿನಂತೆ ಓದುವವರು ಎಡವುವುದು ಇಲ್ಲಿಯೇ. ಹಾಗಾದರೆ ಆ ಅರ್ಥವನ್ನು ಚಿತ್ರ ಎಲ್ಲಿ, ಹೇಗೆ ಕಟ್ಟುತ್ತದೆ ಎಂಬುದನ್ನು ಹಿಡಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಸಲ ನೋಡುವಾಗ ಏನನ್ನೂ ಹುಡುಕಬಾರದು. ಕಥೆಯನ್ನು ಕಥೆಯಾಗಿ ನೋಡಿ ಮುಗಿಸಬೇಕು, ನಡುವೆ ನಿಲ್ಲಿಸಬಾರದು. ಮುಗಿದ ಮೇಲೆ, ಕಥೆಗೆ ಅಗತ್ಯವಿದ್ದುದಕ್ಕಿಂತ ಹೆಚ್ಚು ಹೊತ್ತು ಕ್ಯಾಮೆರಾ ಯಾವ ವಸ್ತುವಿನ ಮೇಲೆ ನಿಂತಿತ್ತು ಎಂದು ನೆನಪು ಮಾಡಿಕೊಳ್ಳಬೇಕು. ಎರಡನೆಯ ಸಲ ಅದೊಂದೇ ವಸ್ತುವಿನ ಬೆನ್ನು ಹಿಡಿದು ಹೋಗಬೇಕು. ಅದು ಕಾಣಿಸಿಕೊಂಡಾಗಲೆಲ್ಲ ಚಿತ್ರವನ್ನು ನಿಲ್ಲಿಸಿ, ಚೌಕಟ್ಟಿನ ಯಾವ ಭಾಗದಲ್ಲಿದೆ, ಯಾರು ಅದನ್ನು ಮುಟ್ಟುತ್ತಾರೆ, ಯಾರು ಮುಟ್ಟುವುದಿಲ್ಲ, ಬೆಳಕು ಎತ್ತಲಿಂದ ಬೀಳುತ್ತಿದೆ, ಹಿಂದಿನ ಮತ್ತು ಮುಂದಿನ ಶಾಟ್ ಯಾವುದು, ಹಿನ್ನೆಲೆಯಲ್ಲಿ ಏನು ಕೇಳಿಸುತ್ತಿದೆ ಎಂಬುದನ್ನು ಬರೆದಿಡಬೇಕು. ಈ ಕೆಲಸವನ್ನು ಮೊಬೈಲಿನಲ್ಲಿ ಮಾಡದಿರುವುದು ಒಳ್ಳೆಯದು. ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ಕತ್ತಲೆಯ ಮೂಲೆಯಲ್ಲಿ ಇಟ್ಟದ್ದೆಲ್ಲ ಅಂಗೈಯಗಲದ ಪರದೆಯಲ್ಲಿ ಬರಿಯ ಮಸಿಯಾಗಿಬಿಡುತ್ತದೆ.

ಬರೆದಿಟ್ಟದ್ದನ್ನು ವಿಂಗಡಿಸುವುದಕ್ಕೆ ಅಮೆರಿಕದ ತತ್ತ್ವಜ್ಞ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಮಾಡಿದ ಮೂರು ವಿಭಾಗಗಳು ಇಂದಿಗೂ ಉಪಯುಕ್ತವಾಗಿವೆ. ಸಿನಿಮಾ ಚಿಂತಕ ಪೀಟರ್ ವೊಲೆನ್ 1969ರ ತನ್ನ ಪುಸ್ತಕದಲ್ಲಿ ಅವನ್ನು ಸಿನಿಮಾಕ್ಕೆ ಅನ್ವಯಿಸಿ ತೋರಿಸಿದ. ಹೋಲಿಕೆಯಿಂದ ಗುರುತಾಗುವುದು ಮೊದಲನೆಯದು. ತೆರೆಯ ಮೇಲಿನ ಮರವು ಮರದಂತೆಯೇ ಕಾಣುತ್ತದೆ, ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವಸ್ತುವು ಬಿಟ್ಟುಹೋದ ಕುರುಹಿನಿಂದ ತಿಳಿಯುವುದು ಎರಡನೆಯದು. ಸಮಾಜದ ಒಪ್ಪಂದದಿಂದ ತಿಳಿಯುವುದು ಮೂರನೆಯದು. ಕವಲುದಾರಿಯಲ್ಲಿ ನೆಟ್ಟ ಕೆಂಪು ಬಾವುಟವು ಒಂದು ಪಕ್ಷವನ್ನು ಸೂಚಿಸುವುದಕ್ಕೆ ಬಟ್ಟೆಯ ಬಣ್ಣದಲ್ಲಿ ಯಾವ ಕಾರಣವೂ ಇಲ್ಲ, ನಾವು ಹಾಗೆ ಒಪ್ಪಿಕೊಂಡಿದ್ದೇವೆ, ಅಷ್ಟೆ.

ಇವುಗಳಲ್ಲಿ ಸಿನಿಮಾದ ನಿಜವಾದ ಬಲವಿರುವುದು ಎರಡನೆಯದರಲ್ಲಿ ಎಂಬುದು ನನ್ನ ಅಭಿಪ್ರಾಯ. ಎಣ್ಮಕಜೆಯ ಅಥವಾ ಬದಿಯಡ್ಕದ ಕಡೆಯ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳೋಣ. ಅವನ ಅಂಗಿಯ ಹೆಗಲಿನಲ್ಲೂ ತೋಳಿನಲ್ಲೂ ಒಗೆದರೂ ಹೋಗದ ನೀಲಿ ಹಸುರು ಕಲೆಗಳಿವೆ. ಅವು ಮೈಲುತುತ್ತು ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಕಲೆಗಳೆಂದು ಅಡಿಕೆ ತೋಟವಿರುವ ಯಾರಿಗಾದರೂ ಕಂಡ ಕೂಡಲೇ ತಿಳಿಯುತ್ತದೆ. ಕೊಳೆರೋಗಕ್ಕೆ ಮದ್ದು ಬಿಡುವ ಕಾಲ, ಅಂದರೆ ಮಳೆಗಾಲ ಬಂದಿದೆ ಅಥವಾ ಬರಲಿದೆ. ಇವನು ಮರ ಹತ್ತುವವನು. ಬೇರೆ ಅಂಗಿ ಇಲ್ಲದವನೂ ಇರಬಹುದು. ಒಂದು ಮಾತೂ ಇಲ್ಲದೆ ಇಷ್ಟು ವಿಷಯ ತೆರೆಯ ಮೇಲೆ ಬಂದಾಯಿತು. ಮುಂದಿನ ಮಳೆಗಾಲದ ದೃಶ್ಯದಲ್ಲಿ ಅದೇ ಅಂಗಿ ಗೋಡೆಯ ಮೊಳೆಗೆ ನೇತುಬಿದ್ದಿದ್ದು, ಅದರ ಮೇಲೆ ಹೊಸ ಕಲೆ ಒಂದೂ ಇಲ್ಲದಿದ್ದರೆ, ಅವನು ಬಿದ್ದನೋ, ತೋಟ ಮಾರಾಟವಾಯಿತೋ, ಊರು ಬಿಟ್ಟನೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮೊದಲ ಸಲ ಮಾಹಿತಿ ಕೊಟ್ಟ ಕಲೆಯೇ ಎರಡನೆಯ ಸಲ ತನ್ನ ಗೈರುಹಾಜರಿಯಿಂದ ಅರ್ಥ ಕೊಡುತ್ತದೆ. ಓದುವವನು ಹುಡುಕಬೇಕಾದದ್ದು ಈ ಎರಡು ಸಂದರ್ಭಗಳ ನಡುವಿನ ವ್ಯತ್ಯಾಸವನ್ನು.

ಹಳಸಿದ ಸಂಕೇತಕ್ಕೂ ಜೀವವಿರುವ ಸಂಕೇತಕ್ಕೂ ಇರುವ ಅಂತರವೂ ಇದರಿಂದಲೇ ತಿಳಿಯುತ್ತದೆ. ಹಿರಿಯರು ಕಣ್ಣು ಮುಚ್ಚುವಾಗ ದೇವರ ಮುಂದಿನ ದೀಪ ಗಾಳಿಗೆ ಆರುವ ದೃಶ್ಯವನ್ನು ನಾವು ಬೇಸರ ಬರುವಷ್ಟು ನೋಡಿದ್ದೇವೆ. ಅಲ್ಲಿ ದೀಪಕ್ಕೆ ಬೇರೆ ಕೆಲಸವೇ ಇಲ್ಲ, ಆರುವುದಕ್ಕಾಗಿಯೇ ಅದನ್ನು ತಂದಿಟ್ಟಿರುತ್ತಾರೆ. ನಮ್ಮ ಜಿಲ್ಲೆಯ ಸುರಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆಯುತ್ತ ನೀರಿನ ಒಸರು ಸಿಗುವವರೆಗೆ ಒಳಗೆ ಹೋಗುವವನು ಜೊತೆಯಲ್ಲಿ ಉರಿಯುವ ಮೇಣದಬತ್ತಿಯನ್ನು ಒಯ್ಯುತ್ತಾನೆ. ಅದು ಬೆಳಕಿಗೆ ಹೇಗೋ ಹಾಗೆಯೇ ಗಾಳಿಯ ಪರೀಕ್ಷೆಗೂ ಬೇಕು. ಜ್ವಾಲೆ ಮಂಕಾದರೆ ಒಳಗೆ ಪ್ರಾಣವಾಯು ಕಡಿಮೆಯಾಗಿದೆಯೆಂದು ತಿಳಿದು ಹೊರಗೆ ಬರಬೇಕು. ಇಲ್ಲಿ ಜ್ವಾಲೆಗೂ ಜೀವಕ್ಕೂ ಇರುವ ಸಂಬಂಧವನ್ನು ಯಾವ ಕವಿಯೂ ಕಲ್ಪಿಸಿದ್ದಲ್ಲ, ಅದು ಇದ್ದದ್ದೇ. ಒಬ್ಬ ನಿರ್ದೇಶಕ ಈ ಬತ್ತಿಯನ್ನು ಚಿತ್ರದ ಆರಂಭದಲ್ಲಿ ಬರಿಯ ಕಸುಬಿನ ಉಪಕರಣವಾಗಿ ತೋರಿಸಿ, ಕೊನೆಗೆ ಮನೆಯೊಳಗಿನ ಉಸಿರುಗಟ್ಟುವ ಒಂದು ಜಗಳದ ನಡುವೆ ಮೇಜಿನ ಮೇಲೆ ಉರಿಸಿದರೆ, ಪ್ರೇಕ್ಷಕ ಅದನ್ನು ನೋಡುವ ದೃಷ್ಟಿಯೇ ಬೇರೆಯಾಗಿರುತ್ತದೆ. ಆದ್ದರಿಂದ ಯಾವುದೇ ವಸ್ತುವನ್ನು ಸಂಕೇತವೆಂದು ಕರೆಯುವ ಮೊದಲು, ಕಥೆಯೊಳಗೆ ಅದಕ್ಕೆ ಸ್ವಂತ ಕೆಲಸವೊಂದಿದೆಯೇ ಎಂದು ಕೇಳಿಕೊಳ್ಳಬೇಕು. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ದಲ್ಲಿ (2002) ಏರುವ ನೀರು ಮೊದಲು ಅಣೆಕಟ್ಟಿನ ಹಿನ್ನೀರೇ, ಮನೆಯನ್ನೂ ದಾರಿಯನ್ನೂ ನಿಜವಾಗಿ ನುಂಗುವ ನೀರು. ಹಾಗಿರುವುದರಿಂದಲೇ ಅದು ಮುಂದೆ ಮತ್ತೇನನ್ನೋ ಹೇಳಬಲ್ಲದು.

ಈ ಕ್ರಮವನ್ನು ಪೂರ್ತಿಯಾಗಿ ಅಭ್ಯಾಸ ಮಾಡಲು ನಾನು ಸೂಚಿಸುವ ಚಿತ್ರ ಅಡೂರು ಗೋಪಾಲಕೃಷ್ಣನ್ ಅವರ ‘ಎಲಿಪ್ಪತ್ತಾಯಂ’ (ಅಂದರೆ ‘ಇಲಿಬೋನು’, 1981). ಮಲಯಾಳ ತಿಳಿಯುವುದು ನಮ್ಮಲ್ಲಿ ಹೆಚ್ಚಿನವರಿಗೆ ಕಷ್ಟವಲ್ಲ. ತಿಳಿಯದವರಿಗೂ ಈ ಚಿತ್ರದಲ್ಲಿ ಮಾತಿನ ಹಂಗು ಕಡಿಮೆ. ಕ್ಷೀಣಿಸುತ್ತಿರುವ ಜಮೀನ್ದಾರಿ ಮನೆತನದ ಉಣ್ಣಿ, ಅವನ ಸೇವೆಯಲ್ಲಿ ಸವೆಯುವ ತಂಗಿ ರಾಜಮ್ಮ, ಕಿರಿಯವಳಾದ ಶ್ರೀದೇವಿ ಒಂದೇ ಮನೆಯಲ್ಲಿದ್ದಾರೆ. ಮನೆಯಲ್ಲಿ ಇಲಿಯ ಕಾಟ, ಅದಕ್ಕಾಗಿ ಬೋನು. ಬೋನಿನಲ್ಲಿ ಬಿದ್ದ ಇಲಿಯನ್ನು ಶ್ರೀದೇವಿ ಕೆರೆಗೆ ಒಯ್ದು ಮುಳುಗಿಸುತ್ತಾಳೆ. ಬೋನನ್ನು ಹಿಡಿದು ಕೆರೆಯತ್ತ ನಡೆಯುವ ಈ ದೃಶ್ಯ ಮರುಕಳಿಸಿದಾಗಲೆಲ್ಲ ಬರೆದಿಟ್ಟುಕೊಳ್ಳಬೇಕು. ಅದರ ಜೊತೆಗೆ ಉಣ್ಣಿಯ ಚಲನೆಯನ್ನೂ ಗಮನಿಸಬೇಕು. ಹಿತ್ತಲಿಗೆ ದನ ನುಗ್ಗಿದರೆ ತಾನು ಎದ್ದು ಓಡಿಸದೆ ರಾಜಮ್ಮನನ್ನು ಕೂಗುತ್ತಾನೆ. ಮದುವೆಗೆಂದು ಹೊರಟವನು ದಾರಿಯಲ್ಲಿ ಕೆಸರು ನೀರು ಕಂಡು ಮನೆಗೆ ಮರಳುತ್ತಾನೆ. ಬಾಗಿಲು, ಕಿಟಕಿಯ ಸರಳು, ಕತ್ತಲೆಯ ಕೋಣೆ ಅವನನ್ನು ಚೌಕಟ್ಟಿನೊಳಗಿನ ಚೌಕಟ್ಟಿನಲ್ಲಿ ಕೂರಿಸುತ್ತವೆ; ಮಂಕಡ ರವಿವರ್ಮ ಅವರ ಛಾಯಾಗ್ರಹಣದಲ್ಲಿ ಇದು ಎಷ್ಟು ಸಹಜವಾಗಿದೆಯೆಂದರೆ ಮೊದಲ ನೋಟದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಕೊನೆಗೆ ರಾತ್ರಿಯಲ್ಲಿ ಬಂದ ಜನರು ಉಣ್ಣಿಯನ್ನು ಅವನ ಕತ್ತಲೆಯಿಂದ ಹೊರಗೆಳೆದು ಅದೇ ಕೆರೆಗೆ ಎಸೆಯುತ್ತಾರೆ. ಇವನೇ ಇಲಿ ಎಂದು ಯಾವ ಪಾತ್ರವೂ ಹೇಳಬೇಕಾಗುವುದಿಲ್ಲ, ಏಕೆಂದರೆ ಕೆರೆಗೆ ಹೋಗುವ ದಾರಿಯನ್ನು ಚಿತ್ರವು ನಮ್ಮ ಕಣ್ಣಿಗೆ ಮೊದಲೇ ಕಲಿಸಿಕೊಟ್ಟಿದೆ. ಆದರೆ ಅವನು ನೀರಿನಿಂದ ನಡುಗುತ್ತ ಏಳುತ್ತಾನೆ ಎಂಬುದನ್ನು ಮರೆಯಬಾರದು. ಇಲಿಗಿಲ್ಲದ ಆ ಏಳುವಿಕೆಯನ್ನು ಬಿಟ್ಟು ‘ಬೋನು ಎಂದರೆ ಜಮೀನ್ದಾರಿ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವವರು ಚಿತ್ರದ ಅರ್ಧವನ್ನು ಮಾತ್ರ ನೋಡಿದ್ದಾರೆ.

ಇಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ವಸ್ತುವನ್ನು ಮನಸ್ಸಿನಲ್ಲೇ ಬದಲಿಸಿ ನೋಡುವುದು. ಇಲಿಬೋನಿನ ಬದಲು ಗಿಳಿಯ ಪಂಜರವಿದ್ದಿದ್ದರೆ? ಬಂಧನ ಉಳಿಯುತ್ತದೆ, ಆದರೆ ಹೇಸಿಗೆ, ಕತ್ತಲೆ, ಧಾನ್ಯವನ್ನು ಕದ್ದು ತಿನ್ನುವ ಪರಾವಲಂಬನೆ ಎಲ್ಲವೂ ಹೋಗಿಬಿಡುತ್ತವೆ. ಬದಲಾವಣೆಯಿಂದ ಕಳೆದುಹೋಗುವುದು ಯಾವುದೋ ಅದೇ ಆ ವಸ್ತು ಚಿತ್ರಕ್ಕೆ ಕೊಡುತ್ತಿದ್ದ ಅರ್ಥ. ಬದಲಿಸಿದರೂ ಏನೂ ಕಳೆಯದಿದ್ದರೆ ಅದನ್ನು ಸಂಕೇತವೆಂದು ಹಿಗ್ಗಿಸದಿರುವುದು ಲೇಸು. ಹೊರಾಂಗಣದಲ್ಲಿ ಚಿತ್ರೀಕರಿಸುವಾಗ ತಂತಿಯ ಮೇಲೆ ಕಾಗೆ ಕೂರುತ್ತದೆ, ಹಿನ್ನೆಲೆಯಲ್ಲಿ ಬಸ್ಸು ಹಾದುಹೋಗುತ್ತದೆ. ಪ್ರತಿ ಕಾಗೆಯೂ ಪಿತೃವಲ್ಲ.

ಒಂದು ವಸ್ತುವಿನ ಅರ್ಥ ಆ ವಸ್ತುವಿನಲ್ಲೇ ಇರಬೇಕೆಂದೂ ಇಲ್ಲ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಭಾವರಹಿತ ಮುಖದ ಒಂದೇ ಶಾಟನ್ನು ಸೂಪಿನ ಬಟ್ಟಲಿನೊಂದಿಗೂ ಶವಪೆಟ್ಟಿಗೆಯೊಂದಿಗೂ ಜೋಡಿಸಿದಾಗ ಪ್ರೇಕ್ಷಕರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರೆಂದು ಹೇಳುತ್ತಾರೆ. ಐಸೆನ್‌ಸ್ಟೈನ್‌ನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ (1925) ಇನ್ನೂ ಮುಂದೆ ಹೋಗುತ್ತದೆ. ಮಲಗಿದ, ಎಚ್ಚರಗೊಂಡ, ಎದ್ದು ನಿಂತ ಮೂರು ಕಲ್ಲಿನ ಸಿಂಹಗಳ ಶಾಟ್‌ಗಳನ್ನು ಒಂದರ ಹಿಂದೆ ಒಂದರಂತೆ ಇಟ್ಟು, ಕಲ್ಲೇ ಕೆರಳಿ ಎದ್ದಂತೆ ತೋರಿಸಿದ್ದಾನೆ. ಆ ಸಿಂಹಗಳಿರುವುದು ಚಿತ್ರದ ಕಥೆ ನಡೆಯುವ ಒಡೆಸ್ಸಾ ನಗರದಲ್ಲಲ್ಲ, ಕ್ರಿಮಿಯಾದ ಅಲುಪ್ಕಾ ಅರಮನೆಯಲ್ಲಿ. ಒಂದೊಂದನ್ನೇ ನೋಡಿದರೆ ಅವು ಬರಿಯ ಉದ್ಯಾನದ ಅಲಂಕಾರ. ಆದ್ದರಿಂದ ಟಿಪ್ಪಣಿಯಲ್ಲಿ ಹಿಂದಿನ ಮತ್ತು ಮುಂದಿನ ಶಾಟ್‌ಗಳ ಅಂಕಣವನ್ನು ಖಾಲಿ ಬಿಡಬಾರದು.

ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದನ್ನೂ ಗುರುತಿಸಿಕೊಳ್ಳಬೇಕು. ಕಾಸರವಳ್ಳಿಯವರದೇ ‘ಘಟಶ್ರಾದ್ಧ’ದಲ್ಲಿ (1977) ತರುಣ ವಿಧವೆ ಯಮುನಕ್ಕನ ಬೋಳಿಸಿದ ತಲೆಯು ಆ ಕಾಲದ ಸಮಾಜಕ್ಕೆ ಬಹಿಷ್ಕಾರದ ಒಪ್ಪಿತ ಗುರುತು. ನಾವು ಅದನ್ನು ಅವಳನ್ನು ಹಚ್ಚಿಕೊಂಡ ಪುಟ್ಟ ಹುಡುಗ ನಾಣಿಯ ಮೂಲಕ ನೋಡುತ್ತೇವೆ. ಶಾಸ್ತ್ರ ಹೇಳುವ ಅರ್ಥವೂ ಹುಡುಗನಿಗೆ ಆದ ನಷ್ಟವೂ ಒಂದೇ ಬಿಂಬದಲ್ಲಿ ಎದುರುಬದುರಾಗುತ್ತವೆ.

ಗಡಿನಾಡಿನಲ್ಲಿ ಕುಳಿತು ಸಿನಿಮಾ ನೋಡುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಒಪ್ಪಂದದಿಂದ ಬಂದ ಗುರುತುಗಳು ಭಾಷೆಯ ಗಡಿ ದಾಟುವಾಗ ಅರ್ಥ ಬದಲಿಸುತ್ತವೆ. ಹಳೆಯ ಕನ್ನಡ ಚಿತ್ರಗಳನ್ನು ನೋಡಿ ಬೆಳೆದವರಿಗೆ ಬಿಳಿ ಸೀರೆಯುಟ್ಟ ಹೆಣ್ಣು ಕಂಡರೆ ವೈಧವ್ಯ ನೆನಪಾಗುತ್ತದೆ. ಅದೇ ಬೀದಿಯ ಮಲಯಾಳಿ ಮನೆಯಲ್ಲಿ ಜರಿ ಅಂಚಿನ ಬಿಳಿಯ ಸೀರೆ ಓಣಂನ ದಿನದ ಸಂಭ್ರಮದ ಉಡುಗೆ. ಇದಕ್ಕೆ ತದ್ವಿರುದ್ಧವಾಗಿ, ಹೊರಗಿನವರಿಗೆ ತಲುಪದೆ ನಮಗೆ ಮಾತ್ರ ತಲುಪುವ ಗುರುತುಗಳೂ ಇವೆ. 2018ರಲ್ಲಿ ಬಂದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಿತ್ರದ ಹೆಸರೇ ಶಾಲೆಯ ನಾಮಫಲಕದ ಧಾಟಿಯಲ್ಲಿದೆ. ಬೆಂಗಳೂರಿನವರಿಗೆ ಅದೊಂದು ತಮಾಷೆಯ ಉದ್ದ ಶೀರ್ಷಿಕೆ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬರುವುದನ್ನು ಸುದ್ದಿಯಾಗಿ ಕೇಳುತ್ತಲೇ ಇರುವ ನಮಗೆ, ಫಲಕದ ಮೇಲಿನ ಕನ್ನಡ ಅಕ್ಷರವೆಂದರೆ ಇನ್ನೂ ಉಳಿದಿರುವುದಕ್ಕೆ ಸಾಕ್ಷಿ.

ಬರೆಯಲು ಕೂರುವಾಗ, ಕಂಡದ್ದನ್ನು ಮೊದಲು ಬರೆದು ತಿಳಿದದ್ದನ್ನು ಆಮೇಲೆ ಬರೆಯುವುದು ಕ್ರಮ. ‘ಕೆಂಪು ಬಣ್ಣ ಕ್ರಾಂತಿಯನ್ನು ಸೂಚಿಸುತ್ತದೆ’ ಎಂಬ ವಾಕ್ಯವನ್ನು ಚಿತ್ರ ನೋಡದೆಯೂ ಬರೆಯಬಹುದು. ‘ಮೊದಲ ದೃಶ್ಯದಲ್ಲಿ ಅಂಗಳದ ಹಗ್ಗದ ಮೇಲಿದ್ದ ಕೆಂಪು ಸೀರೆ, ಮಗಳು ಮನೆ ಬಿಟ್ಟ ಮೇಲೆ ಒಲೆಯ ಬಳಿ ಕೈ ಒರೆಸುವ ಬಟ್ಟೆಯಾಗಿದೆ’ ಎಂದು ಬರೆಯಬೇಕಾದರೆ ನೋಡಿಯೇ ಇರಬೇಕು. ಬರೆದದ್ದನ್ನು ಸಾಧ್ಯವಾದರೆ ಬೇರೆ ಭಾಷೆಯ ಮನೆಯಲ್ಲಿ ಬೆಳೆದ ಒಬ್ಬರಿಗೆ ತೋರಿಸಬೇಕು. ಅವರ ಓದು ನಮ್ಮದಕ್ಕಿಂತ ಬೇರೆಯಾದಲ್ಲಿ ವಾದಕ್ಕಿಳಿಯುವ ಬದಲು ಆ ದೃಶ್ಯಕ್ಕೆ ಮರಳಿ, ವಸ್ತುವು ಚಿತ್ರದಲ್ಲಿ ಮತ್ತೆಲ್ಲಿ ಬಂದಿದೆ, ಅಲ್ಲಿ ಯಾರ ಓದಿಗೆ ಆಧಾರ ಸಿಗುತ್ತದೆ ಎಂದು ಜೊತೆಯಾಗಿ ನೋಡಬೇಕು. ಎರಡಕ್ಕೂ ಆಧಾರವಿದ್ದರೆ ಎರಡನ್ನೂ ಬರೆಯಬಹುದು. ಯಾವುದಕ್ಕೂ ಇಲ್ಲದಿದ್ದರೆ ಆ ಸಾಲನ್ನು ಹೊಡೆದುಹಾಕಬೇಕು.