ಫೌಂಟನ್‌ನಲ್ಲಿ ಕನ್ನಡ ಚಿತ್ರಕಥೆಯ ಟೈಟಲ್ ಪೇಜ್: ನಾನು ಮಾಡುವ ಕ್ರಮ

ನಾನು ಚಿತ್ರಕಥೆ ಬರೆಯುವುದು ಫೌಂಟನ್ ಮಾದರಿಯಲ್ಲಿ. 2012ರಲ್ಲಿ ಹಾಲಿವುಡ್ ಚಿತ್ರಕಥೆಗಾರ ಜಾನ್ ಆಗಸ್ಟ್, ಚಿತ್ರನಿರ್ಮಾಣಕಾರ ಸ್ಟೂ ಮ್ಯಾಶ್ವಿಟ್ಜ್ ಮತ್ತಿತರರು ಹೊರತಂದ ಈ ಪದ್ಧತಿಯಲ್ಲಿ ಸ್ಕ್ರಿಪ್ಟ್ ಅಂದರೆ ಬರೀ ಟೆಕ್ಸ್ಟ್ ಫೈಲ್; ಅದನ್ನು ಓದಿ ಚಿತ್ರಕಥೆಯ ರೂಪಕ್ಕೆ ತಂದು ಪಿಡಿಎಫ್ ಮಾಡಿಕೊಡುವುದು ಸ್ಕ್ರಿಪ್ಟ್ ಸಾಫ್ಟ್‌ವೇರ್. ಫೈಲಿನ ತಲೆಯಲ್ಲಿ ಬರೆದ ಐದಾರು ಸಾಲೇ ಟೈಟಲ್ ಪೇಜ್.

ಟೈಟಲ್, ಕ್ರೆಡಿಟ್ (‘ರಚನೆ’ ಎಂಬಂಥ ಸಾಲು), ಆಥರ್ (ಬರೆದವರು), ಸೋರ್ಸ್ (ಮೂಲಕೃತಿ), ಡ್ರಾಫ್ಟ್ ಡೇಟ್, ಕಾಂಟ್ಯಾಕ್ಟ್: ಈ ಆರು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆದು, ಕೋಲನ್ ಹಾಕಿ, ಮುಂದಿನದನ್ನು ಕನ್ನಡದಲ್ಲಿ ಬರೆಯುತ್ತೇನೆ. ಇವುಗಳಲ್ಲಿ ಮೊದಲಿನ ನಾಲ್ಕೂ ಟೈಟಲ್ ಪೇಜಿನ ಮಧ್ಯದಲ್ಲಿ ಬರುತ್ತವೆ. ತಾರೀಕು, ಸಂಪರ್ಕ ಕೆಳಗೆ ಎಡಕ್ಕೆ. ‘ಶೀರ್ಷಿಕೆ:’ ಎಂದು ಕನ್ನಡದಲ್ಲಿ ಬರೆದರೆ ಸಾಫ್ಟ್‌ವೇರ್‌ಗೆ ಅದರ ಗುರುತೇ ಇಲ್ಲ. ಇಂಗ್ಲಿಷಿನಲ್ಲಿ ಚಿತ್ರದ ಹೆಸರನ್ನು ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಹಾಕುತ್ತಾರೆ; ನಮಗೆ ಆ ಸೌಲಭ್ಯ ಇಲ್ಲದ್ದರಿಂದ ಎರಡೂ ಬದಿಗೆ ಎರಡೆರಡು ನಕ್ಷತ್ರ ಚಿಹ್ನೆ ಕೊಟ್ಟು ಬೋಲ್ಡ್ ಮಾಡುತ್ತೇನೆ.

ಕಷ್ಟ ಬರುವುದು ಬರೆದವರ ಹೆಸರುಗಳ ಜಾಗದಲ್ಲಿ. ನಮ್ಮಲ್ಲಿ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಫೌಂಟನ್ ಕೊಡುವುದು ಒಂದೇ ಕ್ರೆಡಿಟ್, ಒಂದೇ ಆಥರ್. ಹಾಗಾಗಿ ಕ್ರೆಡಿಟ್ ಸಾಲನ್ನೇ ತೆಗೆದು, ಆಥರ್ ಕೆಳಗೆ ಮೂರು ಸಾಲು ಬರೆಯುತ್ತೇನೆ: ‘ಕಥೆ: ಇಂಥವರು’, ‘ಚಿತ್ರಕಥೆ: ಇಂಥವರು’ ಹೀಗೆ. ಪ್ರತಿ ಸಾಲಿನ ಶುರುವಿನಲ್ಲಿ ಕನಿಷ್ಠ ಮೂರು ಸ್ಪೇಸ್ ಅಥವಾ ಒಂದು ಟ್ಯಾಬ್ ಇರಲೇಬೇಕು. ಅಂಚಿಗೆ ತಾಗಿಸಿ ‘ಕಥೆ:’ ಎಂದು ಬರೆದರೆ ಅದನ್ನೂ ಟೈಟಲ್, ಆಥರ್ ಥರದ ಇನ್ನೊಂದು ಪದವೆಂದು ಓದಿಕೊಂಡು, ಗೊತ್ತಿಲ್ಲದ ಪದವೆಂದು ಕೈಬಿಡುವ ಸಾಫ್ಟ್‌ವೇರ್‌ಗಳಿವೆ. ಪಿಡಿಎಫ್‌ನಲ್ಲಿ ಕಥೆಗಾರರ ಹೆಸರು ಇರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಆಮೇಲೆ ಕಥೆಗಾರರಿಗೆ ಸಮಜಾಯಿಷಿ ಕೊಡುವ ಕೆಲಸ ಬೇರೆ.

ಖಾಲಿ ಸಾಲು ಕಂಡರೆ ಟೈಟಲ್ ಪೇಜ್ ಮುಗಿಯಿತು ಎಂದರ್ಥ. ವಿಳಾಸಕ್ಕೂ ಫೋನ್ ನಂಬರಿಗೂ ನಡುವೆ ಅಂದಕ್ಕೆಂದು ಒಂದು ಸಾಲು ಬಿಟ್ಟರೆ, ನಂಬರ್ ಹೋಗಿ ಮೊದಲ ದೃಶ್ಯದ ನೆತ್ತಿಯ ಮೇಲೆ ಆ್ಯಕ್ಷನ್ (ದೃಶ್ಯದ ವಿವರಣೆ) ಆಗಿ ಕೂರುತ್ತದೆ. ಇದರ ತಿರುಗುಮುರುಗೂ ಉಂಟು: ಟೈಟಲ್ ಪೇಜೇ ಇಲ್ಲದೆ ‘ಫೇಡ್ ಇನ್:’ ಎಂದು ಶುರು ಮಾಡಿದ ಫೈಲಿನಲ್ಲಿ, ಆ ಕೋಲನ್ ನೋಡಿ ಅದೇ ಟೈಟಲ್ ಪೇಜಿನ ಸಾಲೆಂದು ಕೆಲವು ಸಾಫ್ಟ್‌ವೇರ್ ತಿಳಿಯುತ್ತವೆ. ಮೇಲೆ ಟೈಟಲ್ ಪೇಜ್ ಬರೆದು, ಒಂದು ಸಾಲು ಬಿಟ್ಟು ಶುರು ಮಾಡಿದರೆ ಈ ರಗಳೆ ಇಲ್ಲ.

ಫೈಲನ್ನು ಯುಟಿಎಫ್-8ನಲ್ಲೇ (ಕನ್ನಡವನ್ನೂ ಹಿಡಿಯುವ ಯುನಿಕೋಡ್ ಸಂಕೇತಪದ್ಧತಿ) ಉಳಿಸಬೇಕು. ಹಳೆಯ ನೋಟ್‌ಪ್ಯಾಡ್ ತಾನಾಗಿ ಕನ್ನಡಕ್ಕೆ ಜಾಗವಿಲ್ಲದ ಆನ್ಸಿ ಎಂಬ ಹಳೆಯ ಪದ್ಧತಿ ಹಿಡಿಯುತ್ತಿತ್ತು. ಹಾಗೆ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿದ್ದ ಪಠ್ಯವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಇನ್ನು ಫಾಂಟ್. ಚಿತ್ರಕಥೆಯ ರೂಢಿಯ ಅಕ್ಷರ 12 ಪಾಯಿಂಟ್ ಕೊರಿಯರ್, ಒಂದು ಇಂಚಿಗೆ ಆರು ಸಾಲು. ಕೊರಿಯರ್‌ನಲ್ಲಿ ಕನ್ನಡವೇ ಇಲ್ಲ. ಸಾಫ್ಟ್‌ವೇರ್ ಸಿಸ್ಟಮ್ಮಿನ ಕನ್ನಡ ಫಾಂಟ್ ಎಳೆದುಕೊಂಡರೆ ಬದುಕಿದೆವು, ಇಲ್ಲದಿದ್ದರೆ ಚೌಕಗಳು. ಎಳೆದುಕೊಂಡರೂ ಸಾಲಿನ ಎತ್ತರ ಬಿಗಿಯಾಗಿರುವುದರಿಂದ ಒತ್ತಕ್ಷರದ ಬುಡ ಕತ್ತರಿಸಬಹುದು, ಕೆಳಸಾಲಿಗೆ ತಾಗಲೂಬಹುದು. ‘ಸ್ತ್ರೀ’, ‘ರಾಷ್ಟ್ರ’ದಂಥ ಪದ ಹೆಸರಿನಲ್ಲಿದ್ದರೆ ಪಿಡಿಎಫ್ ದೊಡ್ಡದು ಮಾಡಿ ನೋಡುತ್ತೇನೆ.

ಹಾಗೆ ಕೆಟ್ಟಾಗ ಟೈಟಲ್ ಪೇಜನ್ನು ಮಾತ್ರ ಲಿಬ್ರೆ ಆಫೀಸ್ ರೈಟರ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ಮಾಡಿ, ಎರಡು ಪಿಡಿಎಫ್ ಜೋಡಿಸುತ್ತೇನೆ. ಎಡ ಅಂಚು 3.8 ಸೆಂ.ಮೀ., ಬಲ ಮತ್ತು ಕೆಳಗೆ 2.5, ಹೆಸರು ಮೇಲಿನಿಂದ ಸುಮಾರು 10 ಸೆಂ.ಮೀ. ಕೆಳಗೆ. ಎಡಕ್ಕೆ ಹೆಚ್ಚು ಬಿಡುವುದು ಬೈಂಡಿಂಗ್‌ಗೆ. ಸ್ಕ್ರಿಪ್ಟ್ ಸಾಫ್ಟ್‌ವೇರ್‌ಗಳು ಎಷ್ಟೋ ಸಲ ಅಮೆರಿಕದ ಲೆಟರ್ ಅಳತೆಯಲ್ಲಿರುತ್ತವೆ, ನಮ್ಮ ಜೆರಾಕ್ಸ್ ಅಂಗಡಿಯಲ್ಲಿರುವುದು ಎ4; ಜೋಡಿಸುವ ಮೊದಲು ಎರಡನ್ನೂ ಎ4ಗೆ ತನ್ನಿ.

ಟೈಟಲ್ ಪೇಜಿಗೆ ಪುಟಸಂಖ್ಯೆ ಹಾಕಬಾರದು. ಆದರೆ ಪಿಡಿಎಫ್ ಓದುವ ಆ್ಯಪ್ ಟೈಟಲ್ ಪೇಜನ್ನೂ ಎಣಿಸುವುದರಿಂದ ಫೋನಿನಲ್ಲಿ ಓದುವವರಿಗೆ ಸ್ಕ್ರಿಪ್ಟಿನ 11ನೇ ಪುಟ 12 ಎಂದು ಕಾಣುತ್ತದೆ. ಆದ್ದರಿಂದ ಫೋನಿನಲ್ಲಿ ಚರ್ಚಿಸುವಾಗ ನಾನು ಪುಟ ಹೇಳುವುದಿಲ್ಲ, ಸೀನ್ ನಂಬರ್ ಹೇಳುತ್ತೇನೆ.